ಟಪಾಲು ಹಂಚುತ್ತಾ ಹಾಡು ಕಟ್ಟಿದವನು: ಜಾನ್ ಪ್ರೈನ್ ಬಗ್ಗೆ ಕೇಳಿದ್ದಕ್ಕೆ

ನಿನ್ನೆ ನೀವು ಹಾಕಿದ ಪ್ರಶ್ನೆ ನೋಡಿದೆ. ಗಿಟಾರ್ ಹಿಡಿದು ಎಂಟು ತಿಂಗಳಾಗಿದೆ, ಬೆಳಿಗ್ಗೆಯಿಂದ ಸಂಜೆವರೆಗೆ ಕೆಲಸ, ಕನ್ನಡದಲ್ಲಿ ಸ್ವಂತ ಹಾಡು ಬರೆಯುವ ಆಸೆ. ಯಾರೋ ಅಮೆರಿಕದ ಹಾಡುಗಾರ ಜಾನ್ ಪ್ರೈನ್ ಹೆಸರು ಹೇಳಿದರು. ಅವನು ನಿಜವಾಗಿಯೂ ಪೋಸ್ಟ್‌ಮ್ಯಾನ್ ಆಗಿದ್ದನಾ, ಅವನ ಹಾಗೆ ಹೆಬ್ಬೆರಳಲ್ಲಿ ನುಡಿಸೋದು ನಿಮ್ಮ ಕೈಗೆ ಯಾಕೆ ಬರುತ್ತಿಲ್ಲ, ಕೆಲಸ ಬಿಡಬೇಕಾ ಅಂತ ಕೇಳಿದ್ದೀರಿ. ಕೊನೆಯಲ್ಲಿ ಮೆಲ್ಲಗೆ ‘ನನ್ನ ಧ್ವನಿಯೂ ಅಷ್ಟಕ್ಕಷ್ಟೆ’ ಅಂತ ಸೇರಿಸಿದ್ದೀರಿ. ಉತ್ತರ ಸ್ವಲ್ಪ ಉದ್ದ ಆಗುತ್ತೆ. ಚಹಾ ಹಿಡಿದುಕೊಂಡು ಓದಿ.

ಪೋಸ್ಟ್‌ಮ್ಯಾನ್ ಆಗಿದ್ದದ್ದು ನಿಜ. 1946ರ ಅಕ್ಟೋಬರ್ 10ರಂದು ಶಿಕಾಗೋ ಪಕ್ಕದ ಮೇವುಡ್‌ನಲ್ಲಿ ಹುಟ್ಟಿದ. ಅಪ್ಪ ಕಾರ್ಖಾನೆಯಲ್ಲಿ ಅಚ್ಚು, ಉಪಕರಣ ಮಾಡುವ ಕೆಲಸಗಾರ. ಅಪ್ಪ ಅಮ್ಮ ಇಬ್ಬರೂ ಕೆಂಟಕಿ ರಾಜ್ಯದ ಮ್ಯುಲೆನ್‌ಬರ್ಗ್ ಕೌಂಟಿ ಕಡೆಯವರು. ಆ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಹೆಬ್ಬೆರಳಿನ ವಿಷಯಕ್ಕೆ ಬಂದಾಗ ಬೇಕಾಗುತ್ತೆ. ಹದಿನಾಲ್ಕನೇ ವಯಸ್ಸಿಗೆ ಅಣ್ಣ ಡೇವ್ ಗಿಟಾರ್ ಹೇಳಿಕೊಟ್ಟ. ಆಮೇಲೆ ಶಿಕಾಗೋದ ಓಲ್ಡ್ ಟೌನ್ ಸ್ಕೂಲ್ ಆಫ್ ಫೋಕ್ ಮ್ಯೂಸಿಕ್‌ನಲ್ಲಿ ಸ್ವಲ್ಪ ಕಲಿತ. ಶಾಲೆ ಮುಗಿಸಿ ಅಂಚೆ ಇಲಾಖೆ ಸೇರಿದ. 1966ರಲ್ಲಿ ಸೈನ್ಯಕ್ಕೆ ಕರೆ ಬಂತು. ವಿಯೆಟ್ನಾಂಗೆ ಹೋಗಬೇಕಾಗಿ ಬರಲಿಲ್ಲ, ಪಶ್ಚಿಮ ಜರ್ಮನಿಯಲ್ಲಿ ಸೈನ್ಯದ ವಾಹನ ರಿಪೇರಿ ಕೆಲಸ. ವಾಪಸ್ ಬಂದು ಮತ್ತೆ ಅದೇ ಟಪಾಲು ಚೀಲ ಹೆಗಲಿಗೇರಿಸಿದ.

ನಡೆಯುವ ಕೆಲಸ ಅವನಿಗೆ ಹಾಡು ಕೊಟ್ಟಿತು. ಟಪಾಲಿನ ದಾರಿ ಅಂದರೆ ಪುಸ್ತಕಗಳೇ ಇಲ್ಲದ ಲೈಬ್ರರಿ ಇದ್ದ ಹಾಗೆ, ಸುಮ್ಮನೆ ಯೋಚಿಸೋಕೆ ಹೊತ್ತು ಸಿಗುತ್ತೆ ಅನ್ನೋ ಅರ್ಥದ ಮಾತನ್ನು ಅವನು ಹೇಳುತ್ತಿದ್ದ. ಶಿಕಾಗೋದ ಗಾಳಿ ನಿಮಗೆ ಗೊತ್ತಿರಬಹುದು, ಚಳಿಗಾಲದಲ್ಲಿ ಮುಖಕ್ಕೆ ಹೊಡೆದರೆ ಚರ್ಮ ಸುಲಿಯುತ್ತೆ. ಬೀದಿಬದಿಯಲ್ಲಿ ಟಪಾಲಿನ ಕಟ್ಟುಗಳನ್ನು ಇಟ್ಟುಹೋಗುವ ದೊಡ್ಡ ಕಬ್ಬಿಣದ ಪೆಟ್ಟಿಗೆ ಇರುತ್ತಿತ್ತು. ಗಾಳಿ ತಪ್ಪಿಸಿಕೊಳ್ಳಲು ಅದರೊಳಗೆ ಹೊಕ್ಕು ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ, ತಲೆಯಲ್ಲಿ ಸಾಲು ಕೂಡಿಸುತ್ತಿದ್ದ. ಕೂತು ಬರೆಯೋಕೆ ಮೇಜು ಇಲ್ಲ, ಕೈಯಲ್ಲಿ ಗಿಟಾರೂ ಇಲ್ಲ. ಹಾಗಾಗಿ ನೆನಪಿನಲ್ಲಿ ನಿಲ್ಲುವ ಸಾಲು ಮಾತ್ರ ಉಳಿಯುತ್ತಿತ್ತು. ನಿಮಗೆ ಬಸ್ಸಿನಲ್ಲಿ ದಿನಾ ಒಂದೂವರೆ ಗಂಟೆ ಹೋಗುತ್ತೆ ಅಂದಿರಲ್ಲ, ಅದೇ ನಿಮ್ಮ ಪೆಟ್ಟಿಗೆ. ಬಸ್ಸಲ್ಲಿ ಫೋನಿಗೆ ಬರೆದುಕೊಳ್ಳಬೇಡಿ. ಮನೆಗೆ ಬಂದಾಗ ಏನು ನೆನಪಿದೆಯೋ ಅಷ್ಟನ್ನು ಬರೆಯಿರಿ. ಒಂದು ತಿಂಗಳು ಮಾಡಿ ನೋಡಿ, ಎಷ್ಟು ಕಸ ತಾನಾಗಿ ಉದುರುತ್ತೆ ಅಂತ ಗೊತ್ತಾಗುತ್ತೆ.

ವೇದಿಕೆ ಹತ್ತಿದ್ದು ಇನ್ನೂ ತಮಾಷೆ. ಶಿಕಾಗೋದಲ್ಲಿ ಫಿಫ್ತ್ ಪೆಗ್ ಅನ್ನೋ ಸಣ್ಣ ಜಾಗ. ಯಾರು ಬೇಕಾದರೂ ಹಾಡಬಹುದಾದ ರಾತ್ರಿ. ಇವನು ಕೂತು ಕೇಳುತ್ತಾ, ಹಾಡುವವರ ಬಗ್ಗೆ ಗೊಣಗುತ್ತಿದ್ದ. ಪಕ್ಕದವರು ಯಾರೋ ‘ಅಷ್ಟು ಗೊತ್ತಿದ್ರೆ ನೀನೇ ಹೋಗಿ ಹಾಡು’ ಅಂದರು. ಹೋದ. ಮೂರು ಹಾಡು ಹಾಡಿದ. ಚಪ್ಪಾಳೆಯೇ ಇಲ್ಲ, ಜನ ಸುಮ್ನೆ ಇವನನ್ನೇ ನೋಡುತ್ತಾ ಕೂತರು. ಕೆಟ್ಟೆ ಅಂದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಚಪ್ಪಾಳೆ ಶುರುವಾಯಿತು. ಆ ಜಾಗದವರೇ ಕರೆದು ವಾರ ವಾರ ಹಾಡೋಕೆ ಹೇಳಿದರು.

ಇನ್ನೊಂದು ರಾತ್ರಿ ಪತ್ರಿಕೆಯ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ ಅಲ್ಲಿಗೆ ಬಂದರು. ಪಾಪ್‌ಕಾರ್ನ್‌ನಲ್ಲಿ ಉಪ್ಪು ಜಾಸ್ತಿಯಾಗಿ, ಸಿನಿಮಾ ಬಿಟ್ಟು ಬಿಯರ್ ಕುಡಿಯೋಕೆ ಬಂದಿದ್ದರಂತೆ. ಕೇಳಿದ್ದನ್ನು 1970ರ ಅಕ್ಟೋಬರ್‌ನಲ್ಲಿ ಶಿಕಾಗೋ ಸನ್-ಟೈಮ್ಸ್‌ನಲ್ಲಿ ಬರೆದರು. ಶೀರ್ಷಿಕೆಯಲ್ಲೇ ‘ಹಾಡುವ ಪೋಸ್ಟ್‌ಮ್ಯಾನ್’ ಅಂತಿತ್ತು. ಆಮೇಲೆ ಗೆಳೆಯ ಸ್ಟೀವ್ ಗುಡ್‌ಮನ್. ಅವನೂ ಹಾಡುಗಾರ. ಆಗಲೇ ಹೆಸರು ಮಾಡಿದ್ದ ಹಾಡುಗಾರ ಕ್ರಿಸ್ ಕ್ರಿಸ್ಟೋಫರ್‌ಸನ್‌ಗೆ ‘ನನ್ನ ಹಾಡು ಇರಲಿ, ಮೊದಲು ನನ್ನ ಗೆಳೆಯನದ್ದು ಕೇಳಿ’ ಅಂತ ದುಂಬಾಲು ಬಿದ್ದು ಕರೆತಂದ. ರಾತ್ರಿ ತುಂಬಾ ಹೊತ್ತಾಗಿತ್ತು, ಕುರ್ಚಿಗಳನ್ನು ಮೇಜಿನ ಮೇಲೆ ಎತ್ತಿಟ್ಟಾಗಿತ್ತು. ಪ್ರೈನ್ ಹಾಡಿದ. ಕ್ರಿಸ್ಟೋಫರ್‌ಸನ್ ಅದನ್ನೆಲ್ಲ ಮತ್ತೊಮ್ಮೆ ಹಾಡಿಸಿದ. 1971ರಲ್ಲಿ ಅಟ್ಲಾಂಟಿಕ್ ಕಂಪನಿಯಿಂದ ಮೊದಲ ಆಲ್ಬಂ ಬಂತು. ಹೊಟ್ಟೆಕಿಚ್ಚು ಪಡಬೇಕಾದ ಜಾಗದಲ್ಲಿ ಗೆಳೆಯನ ಕೈ ಹಿಡಿದು ಎಳೆದ ಗುಡ್‌ಮನ್ ನನಗೆ ಪ್ರೈನ್‌ಗಿಂತ ಒಂದು ತೂಕ ಜಾಸ್ತಿಯೇ ಇಷ್ಟ. ಪಾಪ, ರಕ್ತದ ಕ್ಯಾನ್ಸರ್‌ನಿಂದ 1984ರಲ್ಲೇ ಹೋಗಿಬಿಟ್ಟ.

ಇನ್ನು ಬರೆಯುವ ವಿಷಯ. ಮೊದಲ ಆಲ್ಬಂ ಹೊರಬಂದಾಗ ಪ್ರೈನ್‌ಗೆ ಇಪ್ಪತ್ತನಾಲ್ಕು ಇಪ್ಪತ್ತೈದು ವಯಸ್ಸು. ಅದರಲ್ಲಿರುವ ‘ಏಂಜಲ್ ಫ್ರಮ್ ಮಾಂಟ್ಗೊಮರಿ’ಯಲ್ಲಿ ಹಾಡುವವಳು ಸಂಸಾರದಲ್ಲಿ ಬೇಸತ್ತ, ವಯಸ್ಸಾದ ಹೆಂಗಸು. ಗಂಡಸಿನ ಧ್ವನಿಯಲ್ಲಿ ಮೊದಲ ಸಾಲಿಗೇ ‘ನಾನು ಹೆಂಗಸು’ ಅಂತ ಹೇಳಿ ಮುಗಿಸುತ್ತಾನೆ. ಪೀಠಿಕೆ ಇಲ್ಲ. ಮುಂದೆ ಗಾಯಕಿ ಬಾನಿ ರೇಟ್ ಹಾಡಿ ಅದನ್ನು ಮನೆಮಾತು ಮಾಡಿದಳು. ‘ಹಲೋ ಇನ್ ದೇರ್’ನಲ್ಲಿ ಮಾತಾಡುವವರಿಲ್ಲದ ಮುದುಕ ಮುದುಕಿ. ಚಿಕ್ಕವನಿದ್ದಾಗ ವೃದ್ಧಾಶ್ರಮಕ್ಕೆ ಪೇಪರ್ ಹಾಕಲು ಹೋಗುತ್ತಿದ್ದ ನೆನಪು ಅದರಲ್ಲಿದೆ. ‘ಸ್ಯಾಮ್ ಸ್ಟೋನ್’ ಯುದ್ಧದಿಂದ ಬಂದು ಮಾರ್ಫಿನ್ ಚಟಕ್ಕೆ ಬಿದ್ದ ಸೈನಿಕನ ಕಥೆ. ಪಲ್ಲವಿಯಲ್ಲಿ ಮಾತ್ರ ಅದನ್ನು ಅವನ ಮಗುವಿನ ಕಣ್ಣಿಂದ ನೋಡುತ್ತೇವೆ. ಯುದ್ಧ ಕೆಟ್ಟದ್ದು ಅಂತ ಎಲ್ಲೂ ಭಾಷಣ ಬಿಗಿಯುವುದಿಲ್ಲ. ನೀವು ಹಾಕಿದ್ದ ಸಾಲುಗಳಲ್ಲಿ ‘ವಿರಹದ ಅಗ್ನಿ’, ‘ಬಾಳಿನ ಪಯಣ’ ಇದೆಯಲ್ಲ, ಬೇಜಾರಾಗಬೇಡಿ, ಅವು ಯಾರವೂ ಅಲ್ಲ. ಅದೇ ಹಾಡಿನಲ್ಲಿ ‘ಅವಳ ಟಿಫಿನ್ ಡಬ್ಬಿ ಇನ್ನೂ ನನ್ನ ಹತ್ರಾನೇ ಇದೆ’ ಅಂತ ಒಂದು ಸಾಲಿದೆ. ಅದು ನಿಮ್ಮದು. ಉಳಿದದ್ದೆಲ್ಲ ಹೊಡೆದುಹಾಕಿ ಆ ಡಬ್ಬಿಯಿಂದ ಶುರು ಮಾಡಿ.

ಈಗ ಹೆಬ್ಬೆರಳು. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಗಡಿಯಾರದ ಹಾಗೆ ಆಡುತ್ತಿರುತ್ತೆ, ಬೆರಳುಗಳು ಸಣ್ಣ ತಂತಿಗಳಲ್ಲಿ ರಾಗ ಹೇಳುತ್ತವೆ. ಇದನ್ನು ಟ್ರಾವಿಸ್ ಪಿಕಿಂಗ್ ಅನ್ನುತ್ತಾರೆ. ಆ ಹೆಸರು ಬಂದದ್ದು ಗಿಟಾರ್ ವಾದಕ ಮರ್ಲ್ ಟ್ರಾವಿಸ್‌ನಿಂದ, ಅವನು ಹುಟ್ಟಿದ್ದು ಅದೇ ಮ್ಯುಲೆನ್‌ಬರ್ಗ್ ಕೌಂಟಿಯಲ್ಲಿ! ಕಲ್ಲಿದ್ದಲು ಗಣಿಯ ಆ ಸೀಮೆಯ ಕೈಚಳಕ ಅದು. ಅಂದರೆ ಪ್ರೈನ್‌ಗೆ ಅದು ಮನೆತನದ ಕಡೆಯಿಂದ ಬಂದ ಶೈಲಿ.

ನೀವು ಹಾಕಿದ ವಿಡಿಯೋದಲ್ಲಿ ನೋಡಿದೆ, ಐದೂ ಬೆರಳನ್ನು ಒಂದೇ ದಿನ ಕೂಡಿಸೋಕೆ ಹೋಗುತ್ತಿದ್ದೀರಿ. ನಾನೂ ಇದೇ ತಪ್ಪು ಮಾಡಿ ಒಂದು ವರ್ಷ ಕಳೆದೆ. ಮೊದಲ ಎರಡು ವಾರ ಬೆರಳುಗಳನ್ನು ಮರೆತುಬಿಡಿ, ಬರೀ ಹೆಬ್ಬೆರಳು. ಎಲ್ಲಕ್ಕಿಂತ ದಪ್ಪ ತಂತಿ ಆರನೆಯದು ಅಂತ ಲೆಕ್ಕ. ಜಿ ಕಾರ್ಡ್ (ಕಾರ್ಡ್ ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದಾಗ ಆರು, ನಾಲ್ಕು, ಆರು, ನಾಲ್ಕು. ಸಿ ಕಾರ್ಡ್‌ಗೆ ಐದು, ನಾಲ್ಕು. ಡಿ ಕಾರ್ಡ್‌ಗೆ ನಾಲ್ಕು, ಮೂರು. ಲಯ ತೋರಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಟಿಕ್ಕಿಗೆ ಇಡಿ, ಟಿಕ್ಕಿಗೆ ಒಂದು ಹೊಡೆತ. ಕಲಿತಿರೋ ಇಲ್ಲವೋ ಅಂತ ನೋಡೋಕೆ ಒಂದು ಪರೀಕ್ಷೆ ಇದೆ: ನುಡಿಸುತ್ತಾ ಇರುವಾಗಲೇ ಮನೆಯವರ ಜೊತೆ ಹಾಲಿನ ಲೆಕ್ಕ ಮಾತಾಡಿ. ಹೆಬ್ಬೆರಳು ಎಡವಿದರೆ ಇನ್ನೂ ಒಂದು ವಾರ. ಎಡವದೆ ಹೋದರೆ ಮೊದಲ ಹೊಡೆತದ ಜೊತೆಗೇ ಮಧ್ಯದ ಬೆರಳಿಂದ ಒಂದನೇ ತಂತಿ ಚಿವುಟಿ, ಎರಡೂ ಒಟ್ಟಿಗೆ ಬರಬೇಕು. ಅದು ಕೂತ ಮೇಲೆ ಎರಡು ಹೊಡೆತದ ನಡುವೆ ತೋರುಬೆರಳಿಂದ ಎರಡನೇ ತಂತಿ. ಇಷ್ಟೇ ಸಾಮಾನು, ಉಳಿದದ್ದೆಲ್ಲ ಇದರದ್ದೇ ತಿರುವುಮುರುವು.

ಇನ್ನೊಂದು ಮಾತು, ನಿಮ್ಮ ಗಿಟಾರಿನ ತಂತಿ ಹಲಗೆಯಿಂದ ಎಷ್ಟು ಮೇಲಿದೆ? ಹನ್ನೆರಡನೇ ಫ್ರೆಟ್ (ಹಲಗೆಗೆ ಅಡ್ಡಲಾಗಿರುವ ಲೋಹದ ಪಟ್ಟಿ) ಹತ್ತಿರ ಅಳೆದು ನೋಡಿ. ನನ್ನ ಮೊದಲ ಗಿಟಾರಿನಲ್ಲಿ ನಾಲ್ಕು ಮಿಲಿಮೀಟರ್ ಮೇಲಿತ್ತು. ಕೊಟ್ಟ ಅಂಗಡಿಯವರು ‘ಹೊಸದು ಹಾಗೇ ಇರುತ್ತೆ ಸರ್, ಬೆರಳು ಗಟ್ಟಿಯಾಗಬೇಕು’ ಅಂತ ಸಾಗಹಾಕಿದರು. ಆರು ತಿಂಗಳು ನೋವು ತಿಂದೆ. ಕೊನೆಗೆ ರಿಪೇರಿ ಗೊತ್ತಿರುವ ಒಬ್ಬರು ತಂತಿಗಳು ಕೆಳತುದಿಯಲ್ಲಿ ಒರಗುವ ಸ್ಯಾಡಲ್ ಪಟ್ಟಿಯನ್ನು ಉಜ್ಜಿ ಇಳಿಸಿಕೊಟ್ಟರು, ಅರ್ಧ ಗಂಟೆ ಕೆಲಸ. ನಿಮ್ಮ ಬೆರಳಿನ ತಪ್ಪು ಅಂದುಕೊಳ್ಳೋ ಮುಂಚೆ ಇದನ್ನು ನೋಡಿಕೊಳ್ಳಿ.

ಮೊದಲು ಕಲಿಯಬೇಕಾದ ಹಾಡು ಪ್ರೈನ್‌ನ ‘ಪ್ಯಾರಡೈಸ್’. ಡಿ, ಜಿ, ಎ, ಮೂರೇ ಕಾರ್ಡ್. ಎಣಿಕೆ ಒಂದು-ಎರಡು-ಮೂರು. ಒಂದಕ್ಕೆ ಹೆಬ್ಬೆರಳು, ಎರಡು ಮೂರಕ್ಕೆ ಹಗುರವಾಗಿ ಸವರಿದರೆ ಸಾಕು. ಪ್ಯಾರಡೈಸ್ ಅನ್ನೋದು ಗ್ರೀನ್ ನದಿ ದಂಡೆಯಲ್ಲಿದ್ದ ಅಪ್ಪ ಅಮ್ಮನ ಕಡೆಯ ಊರು. ಕಲ್ಲಿದ್ದಲಿಗಾಗಿ ಮೇಲ್ಮಣ್ಣು ಕೆತ್ತಿ ಕೆತ್ತಿ ಆ ನೆಲ ಬರಿದಾಯಿತು, ಊರೇ ಇಲ್ಲವಾಯಿತು. ಅದನ್ನು ಬರೆದದ್ದು ಅಪ್ಪನಿಗಾಗಿ. ಆಲ್ಬಂ ಹೊರಬರುವ ಮುಂಚೆ ಟೇಪ್ ತಂದು ಮನೆಯಲ್ಲಿ ಹಾಕಿದ. ಆ ಹಾಡು ಬಂದಾಗ ಅಪ್ಪ ಎದ್ದು ಪಕ್ಕದ ಕತ್ತಲೆ ಕೋಣೆಗೆ ಹೋಗಿ ಕೂತು ಕೇಳಿದರಂತೆ, ಜೂಕ್‌ಬಾಕ್ಸ್‌ನಿಂದ ಬರುತ್ತಿದೆ ಅಂದುಕೊಳ್ಳಲು. ಆಲ್ಬಂ ಅಂಗಡಿಗೆ ಬರುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಈ ಹಾಡನ್ನು ಜೋರಾಗಿ, ವೇಗವಾಗಿ ಹೊಡೆಯಬೇಡಿ ಅಂತ ನಾನು ಎಲ್ಲರಿಗೂ ಹೇಳೋದು ಅದಕ್ಕೇ.

ಧ್ವನಿ ವಿಷಯ. ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು ಅಕ್ಕ ‘ಮೊದಲು ಶಾಸ್ತ್ರೀಯ ಸಂಗೀತ ಕಲೀರಿ’ ಅಂದಿದ್ದಾರೆ. ಕಲಿತರೆ ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ಅದಕ್ಕಾಗಿ ಕಾಯಬೇಡಿ. ಪ್ರೈನ್‌ನದ್ದು ಮೊದಲಿಂದಲೂ ಮೂಗಿನಲ್ಲಿ ಗೊರಗೊರ ಅನ್ನೋ ಧ್ವನಿ. 1998ರಲ್ಲಿ ಕುತ್ತಿಗೆಯ ಕ್ಯಾನ್ಸರ್ ಬಂತು. ಚಿಕಿತ್ಸೆಯಲ್ಲಿ ಧ್ವನಿಗೆ ಪೆಟ್ಟಾಗದಂತೆ ನೋಡಿಕೊಳ್ಳುತ್ತೇವೆ ಅಂತ ಡಾಕ್ಟರ್ ಹೇಳಿದಾಗ, ನೀವು ನನ್ನ ಹಾಡು ಕೇಳಿದ್ದೀರಾ ಅಂತ ಇವನೇ ತಮಾಷೆ ಮಾಡಿದನಂತೆ. ಆಪರೇಷನ್, ರೇಡಿಯೇಷನ್ ಆದ ಮೇಲೆ ಧ್ವನಿ ಪೂರ್ತಿ ಕೆಳಗಿಳಿದು ಒರಟಾಯಿತು. ಹಳೆಯ ಹಾಡುಗಳ ಶ್ರುತಿ ಇಳಿಸಿಕೊಂಡ. ಆಗ ಅವೇ ಹಾಡುಗಳು ತನಗೆ ಹೊಸದಾಗಿ ಕೇಳಿಸಿದವು ಅನ್ನುತ್ತಿದ್ದ. ನೀವು ಮಾಡಬೇಕಾದದ್ದೂ ಅಷ್ಟೇ. ಕೇಪೋ (ಗಿಟಾರಿನ ಕತ್ತಿಗೆ ಬಿಗಿಯುವ ಕ್ಲಿಪ್) ಹಾಕಿ ಒಂದೊಂದೇ ಫ್ರೆಟ್ ಸರಿಸುತ್ತಾ, ನೀವು ಮಾತಾಡುವ ಎತ್ತರಕ್ಕೆ ಹಾಡು ಎಲ್ಲಿ ಕೂರುತ್ತೋ ನೋಡಿ. ಕೇಪೋ ಶ್ರುತಿ ಏರಿಸುತ್ತೆ, ಇಳಿಸಲ್ಲ. ಇಳಿಸಬೇಕಾದರೆ ಆರೂ ತಂತಿಯನ್ನು ಅರ್ಧ ಅಥವಾ ಒಂದು ಸ್ವರ ಸಡಿಲ ಮಾಡಿ. ನಿಮ್ಮ ವಿಡಿಯೋದಲ್ಲಿ ಪಲ್ಲವಿಗೆ ಬಂದಾಗ ಗಂಟಲು ಕಿರುಚುತ್ತೆ, ಅದು ಶ್ರುತಿ ಜಾಸ್ತಿಯಾಗಿದ್ದಕ್ಕೆ.

ಕೆಲಸ ಬಿಡಬೇಕಾ? ನನ್ನನ್ನು ಕೇಳಿದರೆ ಈಗ ಬೇಡ. ಪತ್ರಿಕೆಯಲ್ಲಿ ಹೆಸರು ಬಂದ ದಿನವೂ ಅವನು ಪೋಸ್ಟ್‌ಮ್ಯಾನೇ ಆಗಿದ್ದ ನೋಡಿ. ಹಾಡಿ ದುಡ್ಡು ಬರೋಕೆ ಶುರುವಾದ ಮೇಲೆ ಬಿಟ್ಟ. ದೊಡ್ಡ ಕಂಪನಿ ಸಿಕ್ಕರೆ ಎಲ್ಲ ಸರಿಹೋಗುತ್ತೆ ಅನ್ನೋದೂ ಸುಳ್ಳು. ಹತ್ತು ವರ್ಷದಲ್ಲೇ ಅವನಿಗೆ ಆ ಲೋಕ ಸಾಕಾಯಿತು. 1981ರಲ್ಲಿ ಮ್ಯಾನೇಜರ್ ಆಲ್ ಬುನೆಟ್ಟಾ ಜೊತೆ ‘ಓ ಬಾಯ್’ ಅಂತ ಸ್ವಂತ ಕಂಪನಿ ಮಾಡಿದ. ಹಾಡು ಇನ್ನೂ ರೆಕಾರ್ಡ್ ಆಗಿರದೆ ಇದ್ದರೂ ಅಭಿಮಾನಿಗಳು ಚೆಕ್ ಕಳಿಸಿ ದುಡ್ಡು ಕೂಡಿಸಿದರು. 1991ರ ‘ದ ಮಿಸ್ಸಿಂಗ್ ಇಯರ್ಸ್’ಗೆ ಗ್ರ್ಯಾಮಿ ಬಂದದ್ದು ಆ ಸ್ವಂತ ಕಂಪನಿಯಿಂದಲೇ. 2013ರಲ್ಲಿ ಶ್ವಾಸಕೋಶಕ್ಕೂ ಕ್ಯಾನ್ಸರ್ ಬಂತು, ಅದಕ್ಕೂ ಆಪರೇಷನ್. 2018ರ ‘ದ ಟ್ರೀ ಆಫ್ ಫರ್ಗಿವ್‌ನೆಸ್’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಐದನೇ ಸ್ಥಾನಕ್ಕೆ ಏರಿತು. ಅವನ ಯಾವ ಆಲ್ಬಮ್ಮೂ ಅಷ್ಟು ಮೇಲೆ ಹೋಗಿರಲಿಲ್ಲ, ಅದೂ ಎಪ್ಪತ್ತೊಂದನೇ ವಯಸ್ಸಿಗೆ.

2020ರ ಏಪ್ರಿಲ್ 7ರಂದು ನ್ಯಾಶ್‌ವಿಲ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡ. ಚಿತಾಭಸ್ಮದ ಒಂದು ಪಾಲನ್ನು ಅದೇ ಗ್ರೀನ್ ನದಿಗೆ ಬಿಟ್ಟರು.

ಕೇಳೋಕೆ ಹೇಳೋದಾದರೆ ಮೊದಲು 1971ರ ಆಲ್ಬಂ, ಆಮೇಲೆ ನೇರವಾಗಿ 2018ರದ್ದು. ನಡುವಿನದ್ದು ನಿಧಾನಕ್ಕೆ ಸಾಕು. ಎರಡೂ ಧ್ವನಿಗಳನ್ನು ಒಂದೇ ಸಂಜೆ ಕೇಳಿ. 1999ರ ಜೋಡಿಹಾಡುಗಳ ಆಲ್ಬಂ ‘ಇನ್ ಸ್ಪೈಟ್ ಆಫ್ ಅವರ್‌ಸೆಲ್ವ್ಸ್’ನಲ್ಲಿ ಗಾಯಕಿ ಐರಿಸ್ ಡಿಮೆಂಟ್ ಜೊತೆ ಹಾಡಿದ್ದು ನಗಿಸುತ್ತೆ, ಆದರೆ ಮನೆಯಲ್ಲಿ ಹಿರಿಯರಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ.

ತಂತಿ ತೆಳ್ಳಗಿನ 11ರ ಸೆಟ್ ಹಾಕಿಸಿ, ಅದಕ್ಕಿಂತ ದಪ್ಪದ 12 ಈಗ ಬೇಡ. ಎರಡು ವಾರ ಆದ ಮೇಲೆ ಹೆಬ್ಬೆರಳು ಮಾತ್ರ ನುಡಿಸಿದ ಒಂದು ನಿಮಿಷದ ವಿಡಿಯೋ ಇಲ್ಲೇ ಹಾಕಿ, ಹಾಡುವುದು ಬೇಡ. ಹಾಲಿನ ಲೆಕ್ಕವೂ ಅದರಲ್ಲಿ ಕೇಳಿಸಬೇಕು.