ಟ್ರಿಪ್ಪಿನ ಲೆಕ್ಕ: ಪುಣೆಯ ಒಂದು ಆಪ್ತಸಲಹೆ ಪ್ರಕರಣ

ಪಿಂಪ್ರಿ-ಚಿಂಚವಡದಲ್ಲಿ ಕನ್ನಡಿಗರ ಸಂಘವೊಂದು ಬಿಟ್ಟುಕೊಟ್ಟಿರುವ ಕೋಣೆಯಲ್ಲಿ ನಾನು ಭಾನುವಾರಗಳಂದು ಆಪ್ತಸಲಹೆಗೆ ಕೂರುತ್ತೇನೆ. 2025ರ ಆರಂಭದಲ್ಲಿ ಅಲ್ಲಿಗೆ ಬಂದ ಒಂದು ಕುಟುಂಬದ ಪ್ರಕರಣವನ್ನು, ಅವರ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ ಇಲ್ಲಿ ದಾಖಲಿಸುತ್ತಿದ್ದೇನೆ.

ಕಲಬುರಗಿ ಜಿಲ್ಲೆಯಿಂದ ಮೂವತ್ತು ವರ್ಷಗಳ ಹಿಂದೆ ಪುಣೆಗೆ ಬಂದ ಮನೆತನ ಅದು. ತಂದೆ ಇಪ್ಪತ್ತಾರು ವರ್ಷ ಲಾರಿ ಓಡಿಸಿ, ಸಕ್ಕರೆ ಕಾಯಿಲೆಯಿಂದ ಕಣ್ಣು ಮಂದವಾದ ಮೇಲೆ ಲೈಸೆನ್ಸ್ ನವೀಕರಣವಾಗದೆ ಮನೆಯಲ್ಲಿದ್ದಾರೆ. ತಾಯಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ಮಗನಿಗೆ ಆಗ ಹತ್ತೊಂಬತ್ತು ವರ್ಷ ಎಂಟು ತಿಂಗಳು. ಮರಾಠಿ ಮಾಧ್ಯಮದಲ್ಲಿ ಹತ್ತನೆಯ ತರಗತಿ ಪಾಸಾಗಿದ್ದ ಆತ ಮನೆಯಲ್ಲಿ ಕನ್ನಡವಾಡುತ್ತಿದ್ದರೂ ಅದನ್ನು ಓದಲಾರ. ಲಾರಿ ಚಾಲಕನಾಗಬೇಕೆಂಬುದು ಅವನ ಹಟ, ಬೇರೆ ಏನಾದರೂ ಆಗಲಿ ಅದೊಂದು ಬೇಡವೆಂಬುದು ತಾಯಿಯ ಹಟ. ಇವೆರಡರ ನಡುವೆ ಸೋದರಮಾವ ಬೇರೆ ಇದ್ದ. ಕ್ರಷರ್ ಮರಳು ಹೊಡೆಯುವ ಎರಡು ಲಾರಿಗಳ ಮಾಲೀಕನಾದ ಆತ, ಅಕ್ಕನ ಬಂಗಾರ ಅಡವಿಟ್ಟು, ಉಳಿದುದಕ್ಕೆ ಸಾಲ ಮಾಡಿ, ಹತ್ತು ಚಕ್ರದ ಹಳೆಯ ಲಾರಿಯೊಂದನ್ನು ಅಳಿಯನಿಗೆ ಕೊಡಿಸುವ ಮಾತನಾಡಿದ್ದ. ಅಲ್ಲಿಯವರೆಗೆ ರಾತ್ರಿ ಹೊತ್ತು ತನ್ನ ಗಾಡಿಯನ್ನೇ ಓಡಿಸಿ ಕೈ ಕುದುರಿಸಿಕೊಳ್ಳಲಿ ಎಂದೂ ಹೇಳಿದ್ದ.

ಮೊದಲ ಭೇಟಿಯಲ್ಲಿ ತಾಯಿಯೊಬ್ಬರೇ ಮಾತನಾಡಿದರು. “ಇವರಪ್ಪನ್ನ ನೋಡ್ರಿ ಸರ, ಇಪ್ಪತ್ತಾರು ವರ್ಷ ಗಾಡಿ ಹೊಡದಾರ, ಮನ್ಯಾಗ ಏನ್ ಉಳದದ?” ಎಂದು ಅವರು ಕೇಳಿದಾಗ ನಾನು ಆ ಮಾತನ್ನು ಭಯದ ಮಾತೆಂದು ತಿಳಿದು, ಅಪಘಾತದ ಆತಂಕ, ಒಬ್ಬನೇ ಮಗನೆಂಬ ಮೋಹ, ಚಾಲಕನಿಗೆ ಹೆಣ್ಣು ಕೊಡುವವರು ಯಾರೆಂಬ ಚಿಂತೆ ಇವನ್ನೇ ಹಿಡಿದು ಒಂದು ಗಂಟೆ ಕಳೆದೆ. ಅದು ನನ್ನ ತಪ್ಪು. ಆಕೆ ಕೇಳಿದ್ದು ಲೆಕ್ಕದ ಪ್ರಶ್ನೆ. ಉತ್ತರವನ್ನೂ ಲೆಕ್ಕದಲ್ಲಿಯೇ ಕೊಡಬೇಕಾಗಿತ್ತು.

ಎರಡನೆಯ ಭೇಟಿಗೆ ತಂದೆಯನ್ನೂ ಬರಹೇಳಿದೆ. ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದ ಅವರನ್ನು, ಮತ್ತೊಮ್ಮೆ ಮೊದಲಿನಿಂದ ಶುರು ಮಾಡುವಂತಿದ್ದರೆ ಏನನ್ನು ಬದಲಾಯಿಸುತ್ತೀರಿ ಎಂದು ಕೇಳಿದೆ. “ಮೊದಲನೇ ವರ್ಷಾನ ಮಾಲಕನ ಕೈಲೆ ಒಂದು ಕಾಗದ ಬರಿಸ್ಕೊಂತಿದ್ದೆ ನೋಡ್ರಿ. ಅಷ್ಟು ವರ್ಷ ನಾ ಗಾಡಿ ಹೊಡದೀನಿ ಅನ್ನಾಕ ನನ್ನ ಹತ್ರ ಒಂದು ಚೀಟಿ ಇಲ್ಲ” ಎಂದರು. ಅಲ್ಲಿಂದ ಮುಂದೆ ಅರ್ಧ ಗಂಟೆ ಅವರು ಹೇಳಿದ್ದೇ ಈ ಪ್ರಕರಣದ ತಿರುಳು.

ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಿಂದ ಬೆಂಗಳೂರಿಗೆ ಹೋಗುವ ಪ್ರತಿ ಟ್ರಿಪ್ಪಿಗೂ ಮಾಲೀಕ ಅವರ ಕೈಗೆ ಒಂದು ಮೊತ್ತ ಕೊಡುತ್ತಿದ್ದ. ಡೀಸೆಲ್, ದಾರಿ ಖರ್ಚು, ಹಮಾಲಿ, ಭತ್ತೆ ಎಲ್ಲವೂ ಅದರಲ್ಲಿಯೇ ಆಗಬೇಕು, ಉಳಿದದ್ದು ಚಾಲಕನದು. ಕೇಳಲು ಚೆನ್ನಾಗಿರುವ ಈ ಏರ್ಪಾಡಿನಲ್ಲಿ ಉಳಿಸಿದ ಪ್ರತಿ ಲೀಟರ್ ಡೀಸೆಲ್ ಸಂಪಾದನೆಯಾಗುತ್ತದೆ, ಮಲಗಿದ ಪ್ರತಿ ಗಂಟೆ ನಷ್ಟವಾಗುತ್ತದೆ. ಸಾತಾರಾ ಕಡೆಯಿಂದ ಬರುವಾಗ ಕಾತ್ರಜದ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಇಳಿಯುವ ಉದ್ದನೆಯ ದಾರಿಯಲ್ಲಿ ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಬಿಡುವ ಚಾಳಿ ಹುಟ್ಟಿದ್ದು ಈ ಲೆಕ್ಕದಿಂದಲೇ ಎಂದು ಅವರು ಒಪ್ಪಿಕೊಂಡರು. ಗೇರಿನಲ್ಲಿ ಇಳಿದರೆ ಎಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ. ನ್ಯೂಟ್ರಲ್ಲಿನಲ್ಲಿ ಆ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಪದೇ ಪದೇ ತುಳಿದಂತೆ ಲೈನರ್ ಕಾದು ಬ್ರೇಕ್ ಹಿಡಿಯುವುದಿಲ್ಲ, ಎಂಜಿನ್ ಆರಿಸಿಬಿಟ್ಟರಂತೂ ಬ್ರೇಕಿಗೆ ಗಾಳಿ ಒದಗಿಸುವ ಕಂಪ್ರೆಸರ್ ನಿಂತು ಗಾಳಿಯ ಒತ್ತಡವೂ ಇಳಿಯುತ್ತದೆ. ಇದೆಲ್ಲ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಇಳಿಸಿದ್ದು ಅವರ ಅಜಾಗರೂಕತೆಯಿಂದಲ್ಲ, ಮನೆಯ ಬಾಡಿಗೆ ಆ ಉಳಿಕೆಯಿಂದಲೇ ಹೊರಡುತ್ತಿದ್ದುದರಿಂದ. ಬೆಳಗಿನ ಜಾವದ ಎರಡರಿಂದ ಐದರ ನಡುವೆ, ಮೈ ತಾನಾಗಿ ನಿದ್ದೆಗೆ ಜಾರುವ ಹೊತ್ತಿನಲ್ಲಿ, ಚಹಾ ಮತ್ತು ತಂಬಾಕಿನ ಬಲದಿಂದ ಓಡಿಸಿದ್ದಕ್ಕೂ ಅದೇ ಕಾರಣ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯಲ್ಲಿಯೇ ಬರೆದಿತ್ತೆಂದು ನಾನು ಹೇಳಿದಾಗ ಅವರು ಮೊದಲ ಬಾರಿಗೆ ನಕ್ಕರು.

ಆದುದರಿಂದ ಯುವಕನಿಗೆ ನಾನು ಕೊಟ್ಟ ಮುಖ್ಯ ಸಲಹೆ ಇಷ್ಟು: ಕೆಲಸ ಕೇಳಲು ಹೋದಲ್ಲಿ ಎಷ್ಟು ಕೊಡುತ್ತೀರಿ ಎನ್ನುವ ಮೊದಲು, ಯಾವುದಕ್ಕೆ ಕೊಡುತ್ತೀರಿ ಎಂದು ಕೇಳಬೇಕು. ಸಂಬಳ ತಿಂಗಳಿಗೋ ಟ್ರಿಪ್ಪಿಗೋ, ಡೀಸೆಲ್ ಮಾಲೀಕನ ಲೆಕ್ಕದಲ್ಲಿದೆಯೋ ತನ್ನ ಲೆಕ್ಕದಲ್ಲಿಯೋ, ಲೋಡಿಗಾಗಿ ಕಾದ ದಿನಕ್ಕೆ ಭತ್ತೆ ಉಂಟೋ ಇಲ್ಲವೋ, ನೇಮಕದ ಪತ್ರ ಮತ್ತು ಪಿಎಫ್ ಸಂಖ್ಯೆ ಸಿಗುತ್ತದೆಯೋ ಇಲ್ಲವೋ ಎಂಬುದರ ಮೇಲೆ ಮುಂದಿನ ಇಪ್ಪತ್ತು ವರ್ಷ ನಿಂತಿರುತ್ತದೆ. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಪಿಎಫ್ ಕಡ್ಡಾಯ. ಎರಡು ಲಾರಿಯ ಮಾವನಿಂದ ಅದನ್ನು ನಿರೀಕ್ಷಿಸುವಂತಿಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ಕೈಗೆ ಹೆಚ್ಚು ಕಾಸು ಕಾಣುವುದು ನಿಜ, ಯುವಕನೂ ಅದನ್ನೇ ಎತ್ತಿ ವಾದಿಸಿದ. ತಂದೆಯ ಕಡೆ ನೋಡು ಎಂದು ಹೇಳಬೇಕೆನಿಸಿತಾದರೂ ಹೇಳಲಿಲ್ಲ, ಅವನಾಗಿಯೇ ನೋಡಿದ.

ಲೈಸೆನ್ಸಿನ ವಿಷಯದಲ್ಲಿ ಮಾವನ ಸಲಹೆಯನ್ನು ನೇರವಾಗಿ ತಳ್ಳಿಹಾಕಬೇಕಾಯಿತು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಇಪ್ಪತ್ತು ತುಂಬದವರು ಸಾರಿಗೆ ವಾಹನ ಓಡಿಸುವಂತಿಲ್ಲ, ಮತ್ತು ಸಾರಿಗೆ ವಾಹನದ ಎಲ್‌ಎಲ್‌ಆರ್ (ಕಲಿಕೆಯ ಲೈಸೆನ್ಸ್) ಬೇಕಾದರೆ ಲಘು ವಾಹನದ ಲೈಸೆನ್ಸ್ ಕೈಯಲ್ಲಿ ಕನಿಷ್ಠ ಒಂದು ವರ್ಷ ಇದ್ದಿರಬೇಕು. ಲಘು ವಾಹನದ ಲೈಸೆನ್ಸಿನಲ್ಲಿಯೇ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದದ್ದನ್ನು ಯುವಕ ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದ. ಅದು ಸರಿ, ಆದರೆ ವಯಸ್ಸಿನ ಷರತ್ತು ಬೇರೆ, ಮಾವನ ಹತ್ತು ಚಕ್ರದ ಲಾರಿಯೂ ಆ ತೂಕದ್ದಲ್ಲ. ಮೇಲಾಗಿ ಮಿತಿ ಮೀರಿ ಮರಳು ತುಂಬಿದ ಗಾಡಿ ಸಿಕ್ಕಿಬಿದ್ದರೆ 20,000 ರೂಪಾಯಿ ದಂಡ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000; ರಾತ್ರಿ ಅಪಘಾತವಾದರೆ ಲೈಸೆನ್ಸಿಲ್ಲದ ಚಾಲಕನ ಹೊಣೆಯಿಂದ ತಪ್ಪಿಸಿಕೊಳ್ಳಲು ವಿಮಾ ಕಂಪನಿ ನೋಡುತ್ತದೆ. ಉಳಿದ ನಾಲ್ಕು ತಿಂಗಳು ಗೊತ್ತಿರುವ ಒಬ್ಬ ಹಿರಿಯ ಚಾಲಕನ ಗಾಡಿಯಲ್ಲಿ ಕ್ಲೀನರ್ ಆಗಿ ಹೋಗಿ, ಹಗ್ಗ ಬಿಗಿಯುವುದು, ಟೈರಿನ ಗಾಳಿ ನೋಡುವುದು, ಸರಕಿನ ರಸೀದಿಯಾದ ಬಿಲ್ಟಿ ಮತ್ತು ಸಾಗಣೆಯ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್ ಓದುವುದು ಕಲಿಯಲು ಹೇಳಿದೆ.

ವೈದ್ಯಕೀಯ ಪ್ರಮಾಣಪತ್ರಕ್ಕೆ ಹೋಗುವ ಮೊದಲೇ ಕಣ್ಣು ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಲು ಸೂಚಿಸಿದಾಗ ಯುವಕ ಮುಖ ತಿರುಗಿಸಿದ. ದೂರದ ಫಲಕ ಕಾಣಿಸದೆ ಒಂದು ವರ್ಷವಾಗಿದ್ದರೂ, ಕನ್ನಡಕದ ಚಾಲಕನನ್ನು ಯಾವ ಮಾಲೀಕನೂ ಇಟ್ಟುಕೊಳ್ಳುವುದಿಲ್ಲವೆಂದು ಯಾರೋ ಹೇಳಿದ್ದನ್ನು ನಂಬಿ ಅವನು ಮುಚ್ಚಿಟ್ಟಿದ್ದ. ಕನ್ನಡಕ ಹಾಕಿದ ಮೇಲೆ ದೃಷ್ಟಿ ಸರಿಯಾಗಿದ್ದರೆ ಲೈಸೆನ್ಸಿಗೆ ತೊಂದರೆಯಿಲ್ಲ. ತಂದೆಗೆ ಸಕ್ಕರೆಯಿರುವುದರಿಂದ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ತಪ್ಪಿಸಬಾರದೆಂದೂ ಹೇಳಿದೆ, ಏಕೆಂದರೆ ಸಾರಿಗೆ ಲೈಸೆನ್ಸನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು ಮತ್ತು ಈ ವೃತ್ತಿಯಲ್ಲಿ ಕಣ್ಣೇ ಬಂಡವಾಳ.

ಮುಂದಿನ ದಾರಿಯನ್ನು ಕಾಗದದ ಮೇಲೆ ಬರೆದೆವು. ಮೊದಲ ಎರಡು ವರ್ಷ ಭೋಸರಿ, ಚಾಕಣ, ರಾಂಜಣಗಾವ್‌ಗಳ ಕಾರ್ಖಾನೆಗಳ ನಡುವೆ ಬಿಡಿಭಾಗ ಸಾಗಿಸುವ ಸಣ್ಣ ವಾಹನದಲ್ಲಿ ಕೆಲಸ. ಇದರಲ್ಲಿ ಹೆಸರೂ ಇಲ್ಲ, ಗತ್ತೂ ಇಲ್ಲ, ಆದರೆ ಸಮಯಕ್ಕೆ ಸರಿಯಾಗಿ ತಲುಪಿಸುವ ಶಿಸ್ತು ಕೈಗೆ ಹತ್ತುತ್ತದೆ, ರಾತ್ರಿ ಮನೆಯ ಊಟ ಸಿಗುತ್ತದೆ. ಆ ನಡುವೆ ಭಾರಿ ವಾಹನದ ತರಬೇತಿ. ಅನಂತರ ಪಿಎಫ್ ಕೊಡುವ ಸಂಸ್ಥೆಯೊಂದರ ದೊಡ್ಡ ಗಾಡಿ. ಅದರಲ್ಲಿ ಪಳಗಿದ ಮೇಲೆ ಅಪಾಯಕಾರಿ ಸರಕಿನ ಮೂರು ದಿನಗಳ ತರಬೇತಿ. ಅದಕ್ಕೆ ಇಂಗ್ಲಿಷ್ ಮತ್ತು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಒಂದು ಭಾರತೀಯ ಭಾಷೆ ಓದಿ ಬರೆಯಲು ಬರಬೇಕೆಂಬ ನಿಯಮವಿದೆ. ಇವನಿಗೆ ಮರಾಠಿ ಸಾಕು, ಇಂಗ್ಲಿಷ್ ಮಾತ್ರ ತಿದ್ದಬೇಕು. ಆ ಅರ್ಹತೆ ಇರುವವರು ಕಡಿಮೆಯಾದ್ದರಿಂದ ಟ್ಯಾಂಕರ್ ಕೆಲಸದಲ್ಲಿ ಚಾಲಕನ ಮಾತಿಗೆ ತೂಕ ಹೆಚ್ಚು. ವರ್ಷಕ್ಕೆ 20 ರೂಪಾಯಿಯ ಪ್ರಧಾನ ಮಂತ್ರಿ ಸುರಕ್ಷಾ ಅಪಘಾತ ವಿಮೆಯನ್ನು ಆ ವಾರವೇ ಬ್ಯಾಂಕಿನಲ್ಲಿ ಮಾಡಿಸಲು ಹೇಳಿದೆ.

ಸ್ವಂತ ಲಾರಿಯ ಆಸೆಯನ್ನು ನಾನು ಕೊಲ್ಲಲಿಲ್ಲ, ಮುಂದೂಡಿದೆ. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ವಿಮೆ, ಪರ್ಮಿಟ್, ಟೈರು ಇವೆಲ್ಲ ಒಂದೇ ತಿಂಗಳಲ್ಲಿ ಬಂದು ಕೂರುವುದುಂಟು. ಕಂಟೇನರಿಗಾಗಿ ಬಂದರಿನ ಸಾಲಿನಲ್ಲಿ ಗಾಡಿ ಮೂರು ದಿನ ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಮರಳಿ ಬರುವಾಗ ಲೋಡು ಕೊಡುವ ನಾಲ್ಕು ಜನರ ಪರಿಚಯ ಮತ್ತು ಆರು ತಿಂಗಳ ಕಂತಿನಷ್ಟು ಉಳಿತಾಯ ಎರಡೂ ಕೈಯಲ್ಲಿಲ್ಲದೆ ಬಂಗಾರ ಮುಟ್ಟಬಾರದೆಂದು ಒಪ್ಪಂದವಾಯಿತು. ಈ ಮಾತಿಗೆ ತಾಯಿ ಮೊದಲ ಬಾರಿಗೆ ತಲೆಯಾಡಿಸಿದರು.

ವರ್ಷದ ಮೇಲಾದ ನಂತರ ಯುವಕ ಕನ್ನಡಕ ಹಾಕಿಕೊಂಡು ಬಂದಿದ್ದ. ಚಾಕಣದ ಕಡೆ ಸಣ್ಣ ವಾಹನ ಓಡಿಸುತ್ತಿದ್ದಾನೆ, ಭಾರಿ ವಾಹನಕ್ಕೆ ಎಲ್‌ಎಲ್‌ಆರ್ ಆಗಿದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿರುವ ಸುದ್ದಿಯನ್ನು ತಂದೆಗೆ ಹೇಳಿದಾಗ ಅವರು ನಂಬಲಿಲ್ಲವಂತೆ. ಮಾವ ಮನೆಗೆ ಬರುವುದನ್ನು ನಿಲ್ಲಿಸಿದ್ದಾನೆ. ಅದನ್ನು ಸರಿಪಡಿಸಲು ನನ್ನಿಂದ ಆಗಿಲ್ಲ. ನೇಮಕದ ಪತ್ರವನ್ನು ತಂದೆ ತಮ್ಮ ಅವಧಿ ಮುಗಿದ ಲೈಸೆನ್ಸಿನ ಜೊತೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದಾರೆ. ದೂರದ ರೂಟಿಗೆ ಮಾತ್ರ ತಾಯಿ ಈಗಲೂ ಒಪ್ಪಿಲ್ಲ. ಅಂಥ ಕೆಲಸ ಹಿಡಿಯುವ ಮೊದಲು ನಾಲ್ವರೂ ಮತ್ತೆ ಕೂತು ಮಾತನಾಡುವುದೆಂದು ನಿಶ್ಚಯಿಸಿ ಕಡತವನ್ನು ತೆರೆದಿಟ್ಟಿದ್ದೇನೆ.