ಮದ್ದು ಸಾಲದೇ, ಮಾತು ಯಾಕೆ?

ಹೆಸರು ಹಾಕಬೇಡಿ ಎಂದು ಕೋರಿದ ಉಡುಪಿ ಕಡೆಯ ಓದುಗರೊಬ್ಬರ ಪತ್ರದ ಸಾರವಿದು: ಮೂತ್ರ ಉರಿ, ಕೀವು ಎಂದು ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಕೊಡುವ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗೆ ಹೋದರೆ ಮದ್ದಿನ ಬೂದು ಬಣ್ಣದ ಪೊಟ್ಟಣ ಕೊಟ್ಟರು. ಅಷ್ಟಕ್ಕೇ ಬಿಡದೆ ಆಪ್ತ ಸಮಾಲೋಚಕರ ಎದುರು ಕೂರಿಸಿದರು. ‘ಈ ಬೋಧನೆಯಿಂದ ಯಾರಿಗಾದರೂ ರೋಗ ತಪ್ಪಿದೆಯೇ? ಸರ್ಕಾರದ ಹಣ ದಂಡವಲ್ಲವೇ?’

ಮಾನ್ಯರೇ,

ಪರಿಚಯದವರು ಕಂಡಾರೆಂದು ಊರಿನ ಆಸ್ಪತ್ರೆ ಬಿಟ್ಟು ಮಂಗಳೂರಿನ ಬಸ್ಸು ಹತ್ತಿದೆ ಎಂದಿದ್ದೀರಿ. ಇಲ್ಲಿಯವರು ಅದೇ ಭಯಕ್ಕೆ ಉಡುಪಿಯ ಬಸ್ಸು ಹತ್ತುತ್ತಾರೆ. ಮೂಲ್ಕಿಯ ಹತ್ತಿರ ಎರಡೂ ಬಸ್ಸುಗಳು ಎದುರಾಗುತ್ತಿರಬೇಕು! ಅಷ್ಟು ದೂರ ಬಂದವರಿಗೆ ಉಪದೇಶ ಕಹಿಯಾದದ್ದರಲ್ಲಿ ಆಶ್ಚರ್ಯವಿಲ್ಲ.

ನಿಮ್ಮ ಸಂಶಯ ಅರ್ಧ ಸರಿ. ಅಮೆರಿಕದ 5 ಕ್ಲಿನಿಕ್‌ಗಳಲ್ಲಿ 5,758 ಮಂದಿಯ ಮೇಲೆ ನಡೆದ, 1998ರಲ್ಲಿ ಪ್ರಕಟವಾದ ‘ಪ್ರಾಜೆಕ್ಟ್ ರೆಸ್ಪೆಕ್ಟ್’ ಅಧ್ಯಯನ ಇದನ್ನೇ ಪರೀಕ್ಷಿಸಿತು. ತಲಾ 20 ನಿಮಿಷದಂತೆ ಎರಡು ಸಲ ಕೂತು ಮಾತನಾಡಿದವರಲ್ಲಿ ಹೊಸ ಸೋಂಕು, ಬರೀ ಮಾಹಿತಿ ಕೇಳಿ ಹೋದವರಿಗಿಂತ 6 ತಿಂಗಳಲ್ಲಿ ಸುಮಾರು ಶೇ 30 ಕಡಿಮೆ. ವರ್ಷದ ಹೊತ್ತಿಗೆ ಶೇ 20. ಆದರೆ 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, 9 ಕ್ಲಿನಿಕ್‌ಗಳ 5,012 ಮಂದಿಗೆ ಎಚ್‌ಐವಿ ತ್ವರಿತ ಪರೀಕ್ಷೆಯ ಜೊತೆಗೆ ಚುಟುಕಾಗಿ ಬುದ್ಧಿವಾದ ಹೇಳಿದ್ದರಿಂದ ಸೋಂಕು ಇಳಿಯಲೇ ಇಲ್ಲ. ಕೇಳಿಸಿಕೊಳ್ಳುವ ಸಮಾಲೋಚನೆ ಬೇರೆ, ಒಪ್ಪಿಸುವ ಪಾಠ ಬೇರೆ ಎಂದು ನಾನು ಓದಿಕೊಳ್ಳುತ್ತೇನೆ. ಅಲ್ಲಿನ ಮೂರು ನಗರಗಳಲ್ಲಿ ಕಾಯುವ ಕೋಣೆಯಲ್ಲಿ 23 ನಿಮಿಷದ ವಿಡಿಯೊ ತೋರಿಸಿಯೇ ಹೊಸ ಸೋಂಕನ್ನು ಶೇ 10ರ ಹತ್ತಿರ ಇಳಿಸಿದರು. ನಮ್ಮ ಕಾಯುವ ಕೋಣೆಗಳ ಟಿವಿಯಲ್ಲಿ ಧಾರಾವಾಹಿ ಓಡುತ್ತಿರುತ್ತದೆ.

ಮದ್ದಿನ ಬಲವನ್ನೂ ಅಲ್ಲಗಳೆಯುವುದಿಲ್ಲ. ತಾಂಜಾನಿಯಾದ ಮ್ವಾಂಜಾ ಪ್ರದೇಶದಲ್ಲಿ ಹಳ್ಳಿಯ ಆರೋಗ್ಯ ಕೇಂದ್ರಗಳು ಲೈಂಗಿಕ ಸೋಂಕುಗಳಿಗೆ ಸರಿಯಾದ ಚಿಕಿತ್ಸೆ ಕೊಡತೊಡಗಿದಾಗ ಹೊಸ ಎಚ್‌ಐವಿ ಪ್ರಕರಣಗಳೇ ಸುಮಾರು ಶೇ 40 ಇಳಿದವು. 1995ರಲ್ಲಿ ಪ್ರಕಟವಾದ ಫಲಿತಾಂಶ ಅದು.

ಆದರೆ ಮದ್ದು ನುಂಗಿದವನು ಒಬ್ಬನೇ ಆದರೆ? ಪತ್ನಿಯ ವಿಚಾರ ನಿಮ್ಮ ಪತ್ರದಲ್ಲಿ ಒಂದೇ ಸಾಲು: ‘ಅವಳಿಗೆ ಏನೂ ತೊಂದರೆಯಿಲ್ಲ, ಹಾಗಾಗಿ ಹೇಳಿಲ್ಲ.’ ನನ್ನನ್ನು ಕಾಡಿದ ಸಾಲು ಅದು. ಇಂಥ ಉರಿ, ಕೀವಿಗೆ ಕಾರಣವಾಗುವ ಗೊನೋರಿಯಾ, ಕ್ಲಮೀಡಿಯಾ ಸೋಂಕುಗಳು ಹೆಂಗಸರ ಮೈಯಲ್ಲಿ ಎಷ್ಟೋ ಸಲ ಸುಳಿವೇ ಕೊಡದೆ ಕೂತಿರುತ್ತವೆ. ಗರ್ಭನಾಳಕ್ಕೆ ಪೆಟ್ಟಾಗಿ ಬಂಜೆತನ ಬಂದಾಗ ದೂರು ಮಾತ್ರ ಅವರ ಮೇಲೆಯೇ. ಅವರಿಗೆ ಚಿಕಿತ್ಸೆಯಾಗದಿದ್ದರೆ ನಿಮಗೂ ಸೋಂಕು ಮರಳಬಹುದು; ಆಗ ಪೊಟ್ಟಣವೇ ದಂಡ.

ಹೇಗೆ ಹೇಳುವುದು ಎಂದು ಕೇಳಲಿಕ್ಕೇ ಆ ಸಮಾಲೋಚಕರು ಇರುವುದು. ಪತ್ನಿಗೂ ಅಲ್ಲಿ ಚಿಕಿತ್ಸೆ ಉಚಿತ, ಮಾತು ಗುಟ್ಟಾಗಿರುತ್ತದೆ. ಇಬ್ಬರ ಮದ್ದೂ ಮುಗಿದು ಒಂದು ವಾರವಾಗುವವರೆಗೆ ಕೂಡಬೇಡಿ. ಎದುರು ಕೂತು ಕೇಳಲು ಸಂಕೋಚವಾದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಶುಲ್ಕವಿಲ್ಲ. ಮುಂದಿನ ಸಲ ಇಬ್ಬರೂ ಒಟ್ಟಿಗೆ ಬಸ್ಸು ಹತ್ತಿ.

– ಸಂಪಾದಕ