‘ಪಾಶ್’ ಎಲ್ಲಿಂದ ಬಂತು?

ಪತ್ರ: ಆಫೀಸಿನ ಕ್ವಿಜ್‌ನಲ್ಲಿ ‘ಪಾಶ್’ ಪದದ ಮೂಲ ಕೇಳಿದರು. ನಮ್ಮ ‘ಪೋಷಾಕು’ ಇರಬೇಕು ಅಂದೆ, ಸೊನ್ನೆ ಕೊಟ್ಟರು. ಹಡಗಿನ ಟಿಕೆಟ್ಟಿನಿಂದ ಬಂದ ಪದವಂತೆ. ನಿಜವೇ?
— ಓದುಗರು, ಹುಬ್ಬಳ್ಳಿ

ಸಂಪಾದಕರ ಉತ್ತರ: ಆ ಹಡಗಿನ ಕತೆಯನ್ನು ನಾನೂ ವರ್ಷಗಟ್ಟಲೆ ಊರೆಲ್ಲ ಹೇಳಿಕೊಂಡು ತಿರುಗಿದವನೇ. ಇಂಗ್ಲೆಂಡಿನಿಂದ ಭಾರತಕ್ಕೆ ಬರುವಾಗ ಹಡಗಿನ ಎಡಗಡೆ ನೆರಳು, ವಾಪಸು ಹೋಗುವಾಗ ಬಲಗಡೆ. ದುಡ್ಡಿದ್ದ ಸಾಹೇಬರು ಎರಡೂ ಸಲ ನೆರಳಿನ ಕೋಣೆಯನ್ನೇ ಹಿಡಿಯುತ್ತಿದ್ದರು, ಅವರ ಟಿಕೆಟ್ಟಿನ ಮೇಲೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ (ಹೋಗುವಾಗ ಎಡ, ವಾಪಸು ಬರುವಾಗ ಬಲ) ಅನ್ನುವ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ‘POSH’ ಅಂತ ಒತ್ತುತ್ತಿದ್ದರು ಅಂತ ಕತೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಅಂಥ ಮುದ್ರೆ ಬಿದ್ದ ಒಂದು ಟಿಕೆಟ್ಟೂ ಇವತ್ತಿನವರೆಗೆ ಸಿಕ್ಕಿಲ್ಲ. ಈ ಕತೆ ಅಚ್ಚಿನಲ್ಲಿ ಕಾಣಿಸಿಕೊಂಡಿದ್ದು 1930ರ ದಶಕದಲ್ಲಿ. ಪದ ಅದಕ್ಕಿಂತ ಹಳೆಯದು. 1918ರಲ್ಲೇ ಇಂಗ್ಲೆಂಡಿನ ಹಾಸ್ಯಪತ್ರಿಕೆ ‘ಪಂಚ್’ನ ವ್ಯಂಗ್ಯಚಿತ್ರವೊಂದರಲ್ಲಿ ವಾಯುಪಡೆಯ ಹುಡುಗ ಅದನ್ನು ಸಲೀಸಾಗಿ ಬಳಸುತ್ತಾನೆ.

ಇನ್ನೂ ಹಿಂದೆ ಹೋದರೆ ಮಜಾ ಜಾಸ್ತಿ. 1890ರ ಸುಮಾರಿಗೆ ಇಂಗ್ಲಿಷ್ ಆಡುನುಡಿಯಲ್ಲಿ ‘ಪಾಶ್’ ಅಂದರೆ ಶೋಕಿಲಾಲ. 1830ರ ಹೊತ್ತಿಗೆ, ಲಂಡನ್ನಿನ ಕಳ್ಳರ ಬಾಯಲ್ಲಿ, ಬರೀ ಚಿಲ್ಲರೆ ಕಾಸು! ಆ ಕಾಸು ಬಂದಿದ್ದು ಯುರೋಪಿನ ಅಲೆಮಾರಿಗಳಾದ ರೋಮಾನಿ ಜನರ ಮಾತಿನಿಂದ. ಅವರಲ್ಲಿ ಈ ಪದಕ್ಕೆ ‘ಅರ್ಧ’ ಅಂತ ಅರ್ಥ, ಅರ್ಧ ಪೆನ್ನಿಯ ಹೆಸರಲ್ಲೂ ಅದೇ ಇತ್ತು. ಕಾಸಿನಿಂದ ಕಾಸುಳ್ಳವನಿಗೆ, ಅವನಿಂದ ಅವನ ಠೀವಿಗೆ ಪದ ಜಾರಿರಬೇಕು. ನಿಘಂಟಿನವರು ಇದಕ್ಕೆ ಪೂರ್ತಿ ಮುದ್ರೆ ಒತ್ತಿಲ್ಲ, ನನಗಂತೂ ಇದೇ ಸರಿ ಅನ್ನಿಸುತ್ತದೆ. ಸದಾಶಿವನಗರದ ಬಂಗಲೆ ತೋರಿಸಿ ‘ಪಾಶ್ ಏರಿಯಾ’ ಅನ್ನುತ್ತೇವಲ್ಲ, ಆ ಪದದ ಅಜ್ಜ ಬೀದಿಬದಿಯ ಅರ್ಧ ಕಾಸು.

ರೋಮಾನಿ ಜನರ ಪೂರ್ವಜರು ಹೊರಟಿದ್ದು ಭಾರತದಿಂದ. ಅವರ ಆ ‘ಅರ್ಧ’ವನ್ನು ಭಾಷಾತಜ್ಞರು ಸಂಸ್ಕೃತದ ‘ಪಾರ್ಶ್ವ’ಕ್ಕೆ ಜೋಡಿಸುತ್ತಾರೆ. ಅರ್ಧ ಮೈ ಸ್ವಾಧೀನ ತಪ್ಪಿದರೆ ನಾವು ಪಾರ್ಶ್ವವಾಯು ಅನ್ನುತ್ತೇವಲ್ಲ, ಅದೇ ಪಾರ್ಶ್ವ. ಗ್ಲಾಮರಿಗೆ ಎಂಥಾ ನೆಂಟಸ್ತನ ನೋಡಿ!

ಇನ್ನು ನಿಮ್ಮ ಪೋಷಾಕು. ಅದು ಫಾರ್ಸಿ ಪದ, ಉಡುಪು ಅಂತ ಅರ್ಥ. ಬಿಳಿ ಬಟ್ಟೆಯ ಮರ್ಯಾದಸ್ಥರಿಗೆ ಉರ್ದುವಿನಲ್ಲಿ ‘ಸಫೇದ್‌ಪೋಶ್’ ಅನ್ನುತ್ತಾರೆ, ಇಂಗ್ಲಿಷಿನ ಪಾಶ್ ಅಲ್ಲಿಂದಲೇ ಬಂತು ಅನ್ನುವವರೂ ಇದ್ದಾರೆ. ಉಚ್ಚಾರ ಹತ್ತಿರ, ಪುರಾವೆ ದೂರ. ಹಾಗಾಗಿ ನಿಮಗೆ ಅಂಕ ಕೊಡಿಸೋಕೆ ನನ್ನ ಕೈಲಿ ಆಗಲ್ಲ, ಆದರೆ ಕ್ವಿಜ್ ಮಾಸ್ಟರಿಗೂ ಸೊನ್ನೆಯೇ.